ಡಿಸ್ಚಾರ್ಜ್ ಆದವರು ಇವತ್ತು ರಾತ್ರಿ ಎಲ್ಲಿ ಮಲಗಬೇಕು?

ಮಾನ್ಯ ಆರೋಗ್ಯ ಸಚಿವರಿಗೆ, ಸಮಾಜ ಕಲ್ಯಾಣ ಸಚಿವರಿಗೆ, ವಸತಿ ಸಚಿವರಿಗೆ, ಜೊತೆಗೆ ಮನೆ ಬಾಡಿಗೆಗೆ ಕೊಡುವ ಎಲ್ಲ ಓನರ್‌ಗಳಿಗೆ,

ನಮಸ್ಕಾರ.

ಒಂದೇ ಪತ್ರವನ್ನು ಇಷ್ಟು ಜನರಿಗೆ ಬರೆಯುತ್ತಿರುವುದಕ್ಕೆ ಕಾರಣ ಇದೆ. ಕುಡಿತ, ಗಾಂಜಾ, ಮಾತ್ರೆ, ಇಂಜೆಕ್ಷನ್ನಿನ ಚಟದಿಂದ ಹೊರಗೆ ಬರುತ್ತಿರುವವರ ಚಿಕಿತ್ಸೆ ಒಂದು ಇಲಾಖೆಗೆ ಸೇರಿದ್ದು. ಅವರ ಪುನರ್ವಸತಿ ಇನ್ನೊಂದಕ್ಕೆ. ಮನೆ ಕಟ್ಟಿಸುವುದು ಮತ್ತೊಂದಕ್ಕೆ. ಖಾಲಿ ಇರುವ ಮನೆಯ ಬೀಗದ ಕೈ ಮಾತ್ರ ಓನರ್ ಸೊಂಟದಲ್ಲಿ. ಯಾರನ್ನು ಕೇಳಿದರೂ "ಅದು ನಮಗೆ ಬರಲ್ಲ, ಅವರನ್ನ ಕೇಳಿ" ಎನ್ನುತ್ತಾರೆ. ಅದಕ್ಕೇ ಎಲ್ಲರನ್ನೂ ಒಟ್ಟಿಗೆ ಕೂರಿಸಿ ಕೇಳುತ್ತಿದ್ದೇನೆ.

ನಾನು ವ್ಯಸನಮುಕ್ತಿ ವಾರ್ಡ್ ಒಂದರಲ್ಲಿ ಆಪ್ತಸಮಾಲೋಚಕಿ. ನಮ್ಮಲ್ಲಿ ಚಿಕಿತ್ಸೆ ಹೇಗೆ ನಡೆಯುತ್ತದೆ ಎಂದು ಮೊದಲು ಹೇಳಿಬಿಡುತ್ತೇನೆ. ದಿನಾ ಜಾಸ್ತಿ ಕುಡಿಯುವವರು ನಿಲ್ಲಿಸಿದ ಒಂದು ದಿನದೊಳಗೆ ಕೈ ನಡುಗಲು ಶುರುವಾಗುತ್ತದೆ. ಎರಡು ಮೂರನೇ ದಿನ ಕೆಲವರಿಗೆ ಪೂರ್ತಿ ಗಲಿಬಿಲಿ. ಇಲ್ಲದ್ದು ಕಾಣುತ್ತದೆ, ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ. ಆಸ್ಪತ್ರೆ ಬೇಕಾಗುವುದು ಇದಕ್ಕೆ. ಮಾತ್ರೆ, ವಿಟಮಿನ್ ಇಂಜೆಕ್ಷನ್, ನಿದ್ದೆ, ಊಟ ಸಿಕ್ಕಿದರೆ ವಾರ ಹತ್ತು ದಿನದಲ್ಲಿ ಮೈ ಸ್ಥಿಮಿತಕ್ಕೆ ಬರುತ್ತದೆ. ಚಪಲ ಮಾತ್ರ ಇರುತ್ತದೆ. ಅದು ತಿಂಗಳುಗಟ್ಟಲೆ ಬಂದು ಹೋಗಿ ಮಾಡುತ್ತದೆ, ಮೊದಲ ಮೂರು ತಿಂಗಳಂತೂ ಬಹಳ ಜೋರು. ಆ ಮೂರು ತಿಂಗಳು ಕಳೆಯುವುದು ವಾರ್ಡಿನಲ್ಲಲ್ಲ, ಮನೆಯಲ್ಲಿ. ಮನೆ ಅಂತ ಒಂದು ಇದ್ದರೆ.

ಡಿಸ್ಚಾರ್ಜ್ ದಿನ ನಾವೆಲ್ಲ ಒಂದೇ ಮಾತು ಹೇಳುತ್ತೇವೆ. ಹಳೇ ಜಾಗಕ್ಕೆ ಹೋಗಬೇಡಿ, ಹಳೇ ಸ್ನೇಹಿತರ ಜೊತೆ ಸೇರಬೇಡಿ, ಹೊತ್ತಿಗೆ ಸರಿಯಾಗಿ ಊಟ ನಿದ್ದೆ ಮಾಡಿ. ಒಳ್ಳೆಯ ಮಾತೇ. ಆದರೆ ಕೇಳಿಸಿಕೊಳ್ಳುವವರು ಯಾರು ಅಂತ ನೋಡಿ. ಕುಂದಾಪುರದ ಕಡೆಯಿಂದ ಬಂದ ಹೋಟೆಲ್ ಸಪ್ಲೈಯರ್ ಮಲಗುವುದು ಹೋಟೆಲಿನ ಮೇಲಿನ ರೂಮಿನಲ್ಲಿ, ಇನ್ನೂ ಆರೇಳು ಜನರ ಜೊತೆ. ರಾತ್ರಿ ಹನ್ನೊಂದಕ್ಕೆ ಕೆಲಸ ಮುಗಿದ ಮೇಲೆ ಆ ರೂಮಿನಲ್ಲಿ ಏನು ನಡೆಯುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಬಾರಿನಲ್ಲೇ ಕೆಲಸ ಮಾಡುವ ಹುಡುಗನ ಪಾಡು ಇನ್ನೂ ಕಷ್ಟ. ಗಾರೆ ಕೆಲಸದವರಿಗೆ ಸೈಟಿನ ಶೆಡ್ಡು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟದವರಿಗೆ ತೋಟದ ಮಾಲೀಕರು ಕೊಡುವ ಸಾಲು ಮನೆ, ಅಂದರೆ ಲೈನ್ ಮನೆ. ಅಲ್ಲಿ ಕೆಲಸವೂ ಮನೆಯೂ ಒಂದೇ ಗಂಟು. ಕೆಲಸ ಬಿಟ್ಟರೆ ಸೂರೂ ಹೋಯಿತು. ಬಟವಾಡೆ ಆಗುತ್ತದೆ, ಮಾರನೇ ದಿನ ಸಂತೆ, ಇಡೀ ಲೈನ್ ಕುಡಿಯುತ್ತದೆ, ಇವನೊಬ್ಬ ಬಾಗಿಲು ಹಾಕಿಕೊಂಡು ಕೂರಬೇಕು. ಎಷ್ಟು ವಾರ ಕೂರುತ್ತಾನೆ?

ಇಂಥವನು ಮತ್ತೆ ಕುಡಿದಾಗ ನಾವು "ಮನಸ್ಸು ಗಟ್ಟಿ ಇಲ್ಲ" ಅನ್ನುತ್ತೇವೆ. ನನಗೆ ಈ ಮಾತು ಕೇಳಿದರೆ ಸಿಟ್ಟು ಬರುತ್ತದೆ. ಅವನ ಮನಸ್ಸಿನ ಬಗ್ಗೆ ಮಾತಾಡುವ ಮೊದಲು ಅವನ ಹಾಸಿಗೆ ಎಲ್ಲಿದೆ ಎಂದು ಕೇಳಬೇಕಿತ್ತು.

2019ರಲ್ಲಿ ಪ್ರಕಟವಾದ ಕೇಂದ್ರ ಸರ್ಕಾರದ ಸಮೀಕ್ಷೆ ನಿಮ್ಮ ಕಚೇರಿಯಲ್ಲೂ ಇರುತ್ತದೆ. ದೆಹಲಿಯ ಏಮ್ಸ್‌ನವರು ಮಾಡಿದ್ದು. ದೇಶದಲ್ಲಿ ಕುಡಿತಕ್ಕೆ ಅಂಟಿಕೊಂಡವರಲ್ಲಿ 38 ಜನರಿಗೆ ಒಬ್ಬರು ಮಾತ್ರ ಯಾವುದಾದರೂ ಚಿಕಿತ್ಸೆ ಪಡೆದಿದ್ದಾಗಿ ಹೇಳಿದ್ದಾರೆ. ಆಸ್ಪತ್ರೆಯಲ್ಲಿ ಸೇರಿ ಚಿಕಿತ್ಸೆ ಪಡೆದವರು 180ಕ್ಕೆ ಒಬ್ಬರು. ಅಂದರೆ ನಮ್ಮ ವಾರ್ಡಿನ ಮಂಚದವರೆಗೆ ಬಂದು ತಲುಪುವುದೇ ದೊಡ್ಡ ಸಾಹಸ. ಅಷ್ಟು ದೂರ ಬಂದವರನ್ನು ಹತ್ತನೇ ದಿನ ಗೇಟಿನಾಚೆ ಕಳಿಸಿ ನಮ್ಮ ಕೆಲಸ ಮುಗಿಯಿತು ಎಂದು ಕೈ ತೊಳೆದುಕೊಳ್ಳುತ್ತೇವೆ.

ಮನೆ ಇದ್ದವರ ವಿಷಯಕ್ಕೆ ಬರುತ್ತೇನೆ. ಅದು ಇದಕ್ಕಿಂತ ಸುಲಭ ಅಂದುಕೊಳ್ಳಬೇಡಿ.

ನಮ್ಮಲ್ಲಿ ಕುಡಿತ ಬಿಟ್ಟವರು ವಾಪಸ್ ಹೋಗುವುದು ಹೆಚ್ಚಾಗಿ ಹೆಂಡತಿಯ ಹತ್ತಿರಕ್ಕೇ. ಇಲ್ಲದಿದ್ದರೆ ತಾಯಿಯ ಹತ್ತಿರ. ಎಷ್ಟೋ ಮನೆಗಳಲ್ಲಿ ಇದೇ ಸರಿಯಾದ ಜಾಗ. ಸಂಬಳ ಯಾರ ಕೈಗೆ ಬರಬೇಕು, ಮಾತ್ರೆ ಯಾರ ಎದುರಿಗೆ ನುಂಗಬೇಕು, ಮದುವೆ ಮನೆಗೆ ಹೋದರೆ ಎಷ್ಟು ಹೊತ್ತಿಗೆ ಹೊರಡಬೇಕು, ಬಾಡೂಟಕ್ಕೆ ಕರೆದ ಭಾವಮೈದುನನಿಗೆ ಏನು ಹೇಳಬೇಕು ಅಂತ ಮೊದಲೇ ಮಾತಾಡಿಕೊಂಡ ಮನೆಗಳಲ್ಲಿ ಜನ ಚೆನ್ನಾಗಿ ಉಳಿದಿದ್ದಾರೆ. ಅದಕ್ಕೆ ಮನೆಯವರಿಗೂ ಸ್ವಲ್ಪ ತರಬೇತಿ ಬೇಕು. ಹೆಂಡತಿ ಮಕ್ಕಳಿಗಾಗಿಯೇ ಅಲ್-ಅನಾನ್ ಎಂಬ ಗುಂಪುಗಳಿವೆ, ಆಸ್ಪತ್ರೆಗಳಲ್ಲಿ ಕುಟುಂಬ ಸಭೆಗಳಿವೆ.

ಆದರೆ ಇಪ್ಪತ್ತು ವರ್ಷ ಏಟು ತಿಂದವಳ ಮನೆಗೂ ನಾವು ಅವನನ್ನು ಹಾಗೇ ಕಳಿಸುತ್ತೇವೆ. ಬೇರೆ ವಿಳಾಸ ಇಲ್ಲ ಅಂತ ಅವಳ ಮನೆಯನ್ನೇ ವಾರ್ಡ್ ಮಾಡುತ್ತೇವೆ. ಅವಳೇ ನರ್ಸು, ಅವಳೇ ಕಾವಲುಗಾರ್ತಿ. ಬೆಳಿಗ್ಗೆ ಗಾರ್ಮೆಂಟ್ಸಿಗೆ ಹೋಗಬೇಕು, ಸಂಜೆ ಬಂದು ಅವನ ಬಾಯಿ ವಾಸನೆ ನೋಡಬೇಕು. ಅವನು ಮತ್ತೆ ಶುರು ಮಾಡಿದರೆ ನೆಂಟರು ಅವಳನ್ನೇ ಬೈಯುತ್ತಾರೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಅವಳಿಗೆ ಆ ಮನೆಯಲ್ಲಿ ವಾಸ ಮಾಡುವ ಹಕ್ಕು ಕೊಟ್ಟಿದೆ. ಅಗತ್ಯ ಬಿದ್ದರೆ ಗಂಡನನ್ನು ಹೊರಗಿರುವಂತೆ ಕೋರ್ಟ್ ಹೇಳಬಹುದು. ಹೊರಗೆ ಅಂದರೆ ಎಲ್ಲಿ? ಅದಕ್ಕೆ ಯಾವ ಕಾಯ್ದೆಯಲ್ಲೂ ಬಾಡಿಗೆ ಬರೆದಿಲ್ಲ. "ನಾನು ಬೇಡ ಅಂದರೆ ಬೀದಿ ಪಾಲಾಗ್ತಾರಲ್ಲ ಮೇಡಂ" ಎಂದು ಅವಳೇ ಕರೆದುಕೊಂಡು ಹೋಗುತ್ತಾಳೆ. ಕುಡಿತ ಬಿಟ್ಟ ಗಂಡಸಿಗೆ ಆರು ತಿಂಗಳು ಬೇರೆ ಮನೆ ಸಿಕ್ಕರೆ ಮೊದಲು ನಿದ್ದೆ ಮಾಡುವವಳು ಅವಳು. ವಸತಿ ಬೇಕು ಅನ್ನುವಾಗ ನನ್ನ ಕಣ್ಣೆದುರು ಬರುವುದು ಅವನಷ್ಟೇ ಅಲ್ಲ, ಅವಳೂ ಹೌದು. ಭಾನುವಾರ ಬಂದು ಮಕ್ಕಳನ್ನು ನೋಡಿಕೊಂಡು ಹೋಗಲಿ. ಆರು ತಿಂಗಳು ಸರಿಯಾಗಿ ನಡೆದ ಮೇಲೆ ಒಟ್ಟಿಗೆ ಇರಬೇಕೋ ಬೇಡವೋ ಅವಳು ಹೇಳಲಿ.

ಮನೆಯೂ ಆಗದು, ಬೀದಿಯೂ ಬೇಡ ಅಂದಾಗ ಕುಟುಂಬಗಳು ಏನು ಮಾಡುತ್ತವೆ ಗೊತ್ತಾ? ಯಾರೋ ಕೊಟ್ಟ ನಂಬರಿಗೆ ಫೋನ್ ಮಾಡುತ್ತಾರೆ. ರಾತ್ರಿ ವ್ಯಾನ್ ಬರುತ್ತದೆ. ನಾಲ್ಕು ಜನ ಕೈಕಾಲು ಹಿಡಿದು ಎತ್ತಿಕೊಂಡು ಹೋಗುತ್ತಾರೆ. ಆಮೇಲೆ ತಿಂಗಳು ತಿಂಗಳು ದುಡ್ಡು ಕಟ್ಟುವುದು. "ಇನ್ನೂ ಮೂರು ತಿಂಗಳು ಇರಲಿ" ಎಂದು ಅವರೂ ಹೇಳುತ್ತಾರೆ, ಇವರಿಗೂ ಅದೇ ಬೇಕಿರುತ್ತದೆ. ಎಲ್ಲ ಸೆಂಟರ್‌ಗಳೂ ಹೀಗಲ್ಲ, ಚೆನ್ನಾಗಿ ನಡೆಸುವವರು ನನಗೆ ಗೊತ್ತು. ಆದರೆ ಬೀಗ ಹಾಕಿ ಇಡುವ ಕಡೆ ನಡೆಯುತ್ತಿರುವುದು ಚಿಕಿತ್ಸೆ ಅಲ್ಲವೇ ಅಲ್ಲ, ಬಾಡಿಗೆ ವ್ಯವಹಾರ. ಬೀಗ ಇಲ್ಲದ ಮನೆ ಮಾರುಕಟ್ಟೆಯಲ್ಲಿ ಇಲ್ಲ, ಹಾಗಾಗಿ ಜನ ಸಾಲ ಮಾಡಿ ಬೀಗ ಇರುವ ಮನೆ ಕೊಳ್ಳುತ್ತಿದ್ದಾರೆ.

ಕಾನೂನು ಇದನ್ನು ಒಪ್ಪುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆ ಅಂದರೆ ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದ ಬರುವ ಸ್ಥಿತಿಗಳೂ ಸೇರುತ್ತವೆ. ಹಾಗಾಗಿ ಇಂಥವರನ್ನು ಸೇರಿಸಿಕೊಂಡು ಚಿಕಿತ್ಸೆ ಕೊಡುವ ಸಂಸ್ಥೆ ಆ ಕಾಯ್ದೆಯಡಿ ನೋಂದಣಿ ಆಗಿರಬೇಕು. ರೋಗಿಯ ಪರವಾಗಿ ಬೇರೆಯವರು ಅರ್ಜಿ ಕೊಟ್ಟು ಸೇರಿಸಿದರೆ ಮೊದಲಿಗೆ 30 ದಿನ ಮಾತ್ರ ಇಟ್ಟುಕೊಳ್ಳಬಹುದು. ಮುಂದುವರಿಸಬೇಕಾದರೆ ಮತ್ತೆ ಪರೀಕ್ಷೆ, ಮತ್ತೆ ಪರಿಶೀಲನೆ. ಸರಪಳಿ ಹಾಕುವುದಂತೂ ಪೂರ್ತಿ ನಿಷೇಧ. ಅದೇ ಕಾಯ್ದೆಯ 19ನೇ ಸೆಕ್ಷನ್ ಇನ್ನೂ ಮುಂದಕ್ಕೆ ಹೋಗುತ್ತದೆ. ಮನೆಯವರು ಸೇರಿಸಿಕೊಳ್ಳುವುದಿಲ್ಲ, ಇರಲು ಮನೆ ಇಲ್ಲ, ಊರಿನಲ್ಲಿ ಬೇರೆ ವ್ಯವಸ್ಥೆ ಇಲ್ಲ ಎಂಬ ಕಾರಣಕ್ಕೆ ಯಾರೂ ಆಸ್ಪತ್ರೆಯಂಥ ಕಡೆಯೇ ಉಳಿಯುವಂತಾಗಬಾರದು. ಹಾಫ್‌ವೇ ಹೋಮ್, ಗುಂಪು ಮನೆಗಳಂಥ, ಆಸ್ಪತ್ರೆಗೂ ಸ್ವಂತ ಮನೆಗೂ ನಡುವಿನ ವಸತಿಯನ್ನು ಸರ್ಕಾರ ತಾನೇ ಮಾಡಬೇಕು, ಇಲ್ಲವೇ ಮಾಡುವವರಿಗೆ ನೆರವು ಕೊಡಬೇಕು. 18ನೇ ಸೆಕ್ಷನ್ ಕೂಡ ಇಂಥ ವಸತಿಯನ್ನು ಸರ್ಕಾರ ಒದಗಿಸಬೇಕಾದ ಸೇವೆಗಳ ಸಾಲಿನಲ್ಲೇ ಇಟ್ಟಿದೆ. ಇನ್ನೂ ಹಿಂದೆ, ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆಯ 71ನೇ ಸೆಕ್ಷನ್ನಿನಲ್ಲೇ ಚಿಕಿತ್ಸೆಯ ನಂತರದ ಆರೈಕೆ, ಪುನರ್ವಸತಿ, ಮತ್ತೆ ಸಮಾಜಕ್ಕೆ ಸೇರಿಸುವುದು ಎಲ್ಲ ಬಂದಿದೆ. ಆಗ ಹುಟ್ಟಿದ ಮಗುವಿಗೆ ಈಗ ನಲವತ್ತು ದಾಟಿರುತ್ತದೆ.

ಇಷ್ಟು ಓದಿದ ಮನೆಯವರು "ಹಾಗಾದರೆ ಯಾವ ಥರದ ಮನೆ ಹುಡುಕಬೇಕು?" ಎಂದು ಕೇಳುತ್ತಾರೆ. ಅವರಿಗೂ, ನಿಮ್ಮ ಅಧಿಕಾರಿಗಳಿಗೂ ಸೇರಿಸಿ ಹೇಳುತ್ತೇನೆ.

ಹಾಫ್‌ವೇ ಹೋಮ್ ಅಂದರೆ ಸಿಬ್ಬಂದಿ ಇರುವ ಮನೆ. ವಾರ್ಡನ್ ಇರುತ್ತಾರೆ, ಸಮಾಲೋಚಕರು ಬರುತ್ತಾರೆ, ಏಳುವುದು ಮಲಗುವುದಕ್ಕೆ ಹೊತ್ತು ಗೊತ್ತು ಇರುತ್ತದೆ. ಕೆಲವು ತಿಂಗಳ ಮಟ್ಟಿಗೆ ಇರಬಹುದು. ಈಗಷ್ಟೇ ಹೊರಗೆ ಬಂದವರಿಗೆ, ಕೆಲಸ ಇಲ್ಲದವರಿಗೆ, ಚಟದ ಜೊತೆ ಖಿನ್ನತೆಯೋ ಬೇರೆ ಕಾಯಿಲೆಯೋ ಇರುವವರಿಗೆ ಇದು ಒಳ್ಳೆಯದು. ಬೆಂಗಳೂರಿನಲ್ಲಿ ಮಾನಸಿಕ ಕಾಯಿಲೆಯವರಿಗಾಗಿ ಇಂಥ ಮನೆಗಳು ದಶಕಗಳಿಂದ ಇವೆ, ನಮಗೆ ಹೊಸದೇನಲ್ಲ. ಖರ್ಚು ಜಾಸ್ತಿ ಎಂಬುದೊಂದೇ ತೊಡಕು. ಸಿಬ್ಬಂದಿಗೆ ಸಂಬಳ ಕೊಡಬೇಕಲ್ಲ.

ಎರಡನೆಯದು ಕುಡಿತ ಬಿಟ್ಟವರೇ ಸೇರಿ ನಡೆಸುವ ಬಾಡಿಗೆ ಮನೆ. ನನ್ನ ಒಲವು ಇದರ ಕಡೆಗೇ ಇದೆ, ಮುಚ್ಚಿಡುವುದಿಲ್ಲ. ಐದಾರು ಜನ, ಒಂದು ಮಾಮೂಲಿ ಬೀದಿಯಲ್ಲಿ ಒಂದು ಮಾಮೂಲಿ ಮನೆ. ವಾರ್ಡನ್ ಇಲ್ಲ, ಬೋರ್ಡೂ ಇಲ್ಲ. ಬೆಳಿಗ್ಗೆ ಎಲ್ಲರೂ ಕೆಲಸಕ್ಕೆ ಹೋಗುತ್ತಾರೆ. ಬಾಡಿಗೆ, ಕರೆಂಟು, ಗ್ಯಾಸು ಹಂಚಿಕೊಳ್ಳುತ್ತಾರೆ. ವಾರಕ್ಕೊಮ್ಮೆ ಕೂತು ಲೆಕ್ಕ ನೋಡುತ್ತಾರೆ, ಜಗಳವಿದ್ದರೆ ಬಗೆಹರಿಸಿಕೊಳ್ಳುತ್ತಾರೆ.

ಇದು ಕನಸಿನ ಮಾತಲ್ಲ. 1975ರಲ್ಲಿ ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಸಿಲ್ವರ್ ಸ್ಪ್ರಿಂಗ್ ಎಂಬಲ್ಲಿ ಸರ್ಕಾರಿ ಹಾಫ್‌ವೇ ಹೋಮ್ ಒಂದನ್ನು ದುಡ್ಡಿಲ್ಲ ಅಂತ ಮುಚ್ಚಲು ಹೊರಟರು. ಒಳಗಿದ್ದ 13 ಗಂಡಸರಿಗೆ ಹೋಗಲು ಜಾಗ ಇರಲಿಲ್ಲ. ಅವರಲ್ಲಿ ಪಾಲ್ ಮೊಲಾಯ್ ಎಂಬ ವಕೀಲರೂ ಒಬ್ಬರು. ಎಲ್ಲರೂ ಸೇರಿ ಅದೇ ಕಟ್ಟಡವನ್ನು ಬಾಡಿಗೆಗೆ ಹಿಡಿದರು. ಹಿಂದಿನ ಮನೆಯಲ್ಲಿ ಆರು ತಿಂಗಳ ಮೇಲೆ ಇರುವಂತಿರಲಿಲ್ಲ. ಆ ನಿಯಮ ಕಿತ್ತು ಹಾಕಿದರು. ಉಳಿಸಿಕೊಂಡದ್ದು ಮೂರೇ ಮಾತು: ಮನೆಯ ವಿಷಯ ಎಲ್ಲರೂ ಕೂತು ಮತ ಹಾಕಿ ತೀರ್ಮಾನಿಸಬೇಕು, ಖರ್ಚು ನಾವೇ ದುಡಿದು ನೋಡಿಕೊಳ್ಳಬೇಕು, ಕುಡಿದವರು ಹೊರಗೆ. ಅದಕ್ಕೆ ಆಕ್ಸ್‌ಫರ್ಡ್ ಹೌಸ್ ಅಂತ ಹೆಸರಿಟ್ಟರು. ಈಗ ಅಂಥವು 3,000ಕ್ಕೂ ಹೆಚ್ಚು ಇವೆ. ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ, ಮಕ್ಕಳನ್ನು ಜೊತೆಗಿಟ್ಟುಕೊಳ್ಳುವ ತಾಯಂದಿರಿಗೂ ಇವೆ.

ಫಲ ಸಿಕ್ಕಿತಾ ಅಂತ ಕೇಳುತ್ತೀರಿ. ಶಿಕಾಗೋದ ಡಿಪಾಲ್ ವಿಶ್ವವಿದ್ಯಾಲಯದ ಲಿಯೊನಾರ್ಡ್ ಜೇಸನ್ ಮತ್ತು ತಂಡದವರು ಚಿಕಿತ್ಸೆ ಮುಗಿಸಿದ 150 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪು ಇಂಥ ಮನೆಗಳಿಗೆ, ಇನ್ನೊಂದು ಗುಂಪು ಎಂದಿನಂತೆ ಹೋಗುವ ಕಡೆಗೆ. ಎರಡು ವರ್ಷ ಆದ ಮೇಲೆ ನೋಡಿದರೆ ಮತ್ತೆ ಚಟಕ್ಕೆ ಬಿದ್ದವರು ಮೊದಲ ಗುಂಪಿನಲ್ಲಿ ಶೇ 31.3, ಎರಡನೆಯದರಲ್ಲಿ ಶೇ 64.8. ಕೆಲಸದಲ್ಲಿದ್ದವರು ಶೇ 76.1 ಮತ್ತು ಶೇ 48.6. ಇದು 2006ರಲ್ಲಿ ಪ್ರಕಟವಾಯಿತು. ಆ ದೇಶ ಬೇರೆ, ನಮ್ಮ ದೇಶ ಬೇರೆ, ಒಪ್ಪಿದೆ. ಆದರೆ ಸಂಜೆ ಏಳು ಗಂಟೆಗೆ ಮನೆಗೆ ಬಂದಾಗ ಟೇಬಲ್ ಮೇಲೆ ಬಾಟಲಿ ಇರಬಾರದು, "ಇವತ್ತು ಹೇಗಿತ್ತು?" ಅಂತ ಕೇಳುವವರೊಬ್ಬರು ಇರಬೇಕು ಎಂಬುದು ಯಾವ ದೇಶದಲ್ಲಾದರೂ ಒಂದೇ ಅಲ್ವಾ?

ಕುಡಿದವರು ಹೊರಗೆ ಎಂಬ ನಿಯಮ ಕಠಿಣ ಅನ್ನಿಸಬಹುದು. ನನಗೆ ಸರಿ ಎನಿಸುತ್ತದೆ. ಒಬ್ಬನು ಒಳಗೆ ಕೂತು ಕುಡಿದರೆ ಉಳಿದ ಐವರ ಆಸರೆಯೂ ಹೋಗುತ್ತದೆ. ಆದರೆ ನಮ್ಮಲ್ಲಿ ಅದಕ್ಕೆ ಇನ್ನೊಂದು ಸಾಲು ಸೇರಿಸಬೇಕು. ಹೊರಗೆ ಹಾಕಿದ ರಾತ್ರಿ ಅವನಿಗೆ ಜಿಲ್ಲಾಸ್ಪತ್ರೆಯಲ್ಲಿ ಒಂದು ಮಂಚ ಸಿಗಬೇಕು. ನೋವಿನ ಮಾತ್ರೆ, ಹೆರಾಯಿನ್ ಬಳಸುತ್ತಿದ್ದವರ ವಿಷಯದಲ್ಲಂತೂ ಇದು ಸಾವು ಬದುಕಿನ ಪ್ರಶ್ನೆ. ಕೆಲವು ವಾರ ಬಿಟ್ಟ ಮೇಲೆ ಮೈ ತಡೆದುಕೊಳ್ಳುವ ಶಕ್ತಿ ಇಳಿದಿರುತ್ತದೆ. ಹಳೇ ಲೆಕ್ಕದಲ್ಲೇ ತೆಗೆದುಕೊಂಡರೆ ಉಸಿರೇ ನಿಲ್ಲಬಹುದು.

ಇದಕ್ಕೇ ಇನ್ನೊಂದು ಮಾತು ಹೇಳಬೇಕು. ಕೆಲವು ಕಡೆ "ಇಲ್ಲಿ ಯಾವ ಮಾತ್ರೆಯೂ ಬೇಡ, ಮನಸ್ಸಿನಿಂದಲೇ ಬಿಡಬೇಕು" ಅಂತ ಡಾಕ್ಟರ್ ಬರೆದ, ಮತ್ತೆ ಚಟಕ್ಕೆ ಬೀಳದಂತೆ ತಡೆಯುವ ಬುಪ್ರೆನಾರ್ಫಿನ್, ನಾಲ್ಟ್ರೆಕ್ಸೋನ್ ಮಾತ್ರೆ ಕಿತ್ತುಕೊಳ್ಳುತ್ತಾರೆ. ಸಕ್ಕರೆ ಕಾಯಿಲೆಯವನ ಇನ್ಸುಲಿನ್ ಕಿತ್ತುಕೊಂಡ ಹಾಗೆ ಇದು. ಅಂಥ ಮನೆಗೆ ಮಗನನ್ನು ಸೇರಿಸಬೇಡಿ. ದುಡ್ಡು ಕಟ್ಟುವ ಮೊದಲು ಇಷ್ಟು ಕೇಳಿ: ಬಾಗಿಲಿಗೆ ಹೊರಗಿನಿಂದ ಬೀಗ ಹಾಕುತ್ತೀರಾ? ಅವನ ಫೋನು, ಎಟಿಎಂ ಕಾರ್ಡು ಯಾರ ಹತ್ತಿರ ಇರುತ್ತದೆ? ಡಾಕ್ಟರ್ ಬರೆದ ಮಾತ್ರೆ ಕೊಡುತ್ತೀರಾ? ಕೆಲಸಕ್ಕೆ ಹೋಗಬಹುದಾ? ಮತ್ತೆ ಕುಡಿದರೆ ಏನು ಮಾಡುತ್ತೀರಿ? ಚಿಕಿತ್ಸೆ ಕೊಡುತ್ತೇವೆ ಅನ್ನುವವರಾದರೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ತೋರಿಸಿ ಅನ್ನಿ. ಉತ್ತರ ತಡವರಿಸಿದರೆ ಎದ್ದು ಬನ್ನಿ. ಎಲ್ಲಿಗೆ ಹೋಗಬೇಕು ಅಂತ ತಿಳಿಯದಿದ್ದರೆ 14446 ಕೇಂದ್ರದ ವ್ಯಸನಮುಕ್ತಿ ಸಹಾಯವಾಣಿ, 14416 ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ.

ಒಬ್ಬನೇ ರೂಮು ಮಾಡಿಕೊಂಡು ಇರುತ್ತೇನೆ ಎನ್ನುವವರೂ ಇದ್ದಾರೆ. ಪಿಜಿ, ಲಾಡ್ಜು, ಅಟ್ಟದ ಮೇಲಿನ ಸಿಂಗಲ್ ರೂಮು. ಒಂದು ವರ್ಷ ದಾಟಿದವರಿಗೆ ಸರಿ. ಮೊದಲ ತಿಂಗಳಿಗೆ ಬೇಡ ಅಂತಲೇ ಹೇಳುತ್ತೇನೆ. ಭಾನುವಾರ ಮಧ್ಯಾಹ್ನ ಒಂಟಿಯಾಗಿ ಕೂತ ಮನುಷ್ಯನಿಗೆ ಮೂಲೆಯ ವೈನ್ ಶಾಪ್ ಬಹಳ ಹತ್ತಿರ.

ಇನ್ನು ಈ ಯಾವ ಮನೆಯೂ ಹೊಂದದವರು. ವರ್ಷಗಟ್ಟಲೆ ಕುಡಿದು, ಊಟ ಬಿಟ್ಟು, ಥಯಾಮಿನ್ ವಿಟಮಿನ್ ಕೊರತೆಯಿಂದ ಮಿದುಳಿಗೆ ಪೆಟ್ಟಾದವರಿದ್ದಾರೆ. ಐದು ನಿಮಿಷದ ಹಿಂದೆ ಹೇಳಿದ್ದು ನೆನಪಿರುವುದಿಲ್ಲ. ಅವರಿಗೆ ಬೇಕಾದದ್ದು ಜೀವನಪೂರ್ತಿ ಜೊತೆಗಿರುವ ಸಹಾಯಕರು. ಇನ್ನು ಕೆಲವರು ಬಸ್ ಸ್ಟ್ಯಾಂಡಿನಲ್ಲೇ ಮಲಗುವವರು, ಇನ್ನೂ ಕುಡಿತ ಬಿಟ್ಟಿಲ್ಲ. ಬಿಟ್ಟರೆ ಮಾತ್ರ ಸೂರು ಅಂದರೆ ಅವರು ಬಿಡುವುದೂ ಇಲ್ಲ, ಸೂರೂ ಸಿಗುವುದಿಲ್ಲ. 1992ರಲ್ಲಿ ನ್ಯೂಯಾರ್ಕಿನಲ್ಲಿ ಸ್ಯಾಮ್ ಸೆಂಬೆರಿಸ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ತಿರುಗಿಸಿ ಹಾಕಿದರು. ಮೊದಲು ಮನೆ, ಆಮೇಲೆ ಬೇಕೆನಿಸಿದಾಗ ಚಿಕಿತ್ಸೆ. ಫಿನ್ಲೆಂಡ್ 2008ರಿಂದ ಇದನ್ನೇ ದೇಶದ ನೀತಿ ಮಾಡಿಕೊಂಡು ಹಳೇ ರಾತ್ರಿ ತಂಗುದಾಣಗಳನ್ನೂ ಬಾಡಿಗೆ ಮನೆಗಳನ್ನಾಗಿ ಮಾಡಿತು. ಕುಡಿತ ಬಿಟ್ಟವರ ಮನೆಯಲ್ಲಿ ಇಂಥವರನ್ನು ಸೇರಿಸಬಾರದು, ಇಬ್ಬರಿಗೂ ಕೆಟ್ಟದ್ದು. ಆದರೆ ಇವರಿಗೂ ಒಂದು ಬಾಗಿಲು ಬೇಕು. ಈಗ ನಮ್ಮ ಪಾಲಿಕೆಗಳು ನಡೆಸುವ ನಗರ ವಸತಿರಹಿತರ ಆಶ್ರಯ ಕೇಂದ್ರಗಳಿವೆ. ಅಲ್ಲಿ ವಾರಕ್ಕೊಮ್ಮೆ ನಮ್ಮ ಜಿಲ್ಲಾ ಮಾನಸಿಕ ಆರೋಗ್ಯ ತಂಡ ಹೋಗಿ ಕೂತರೂ ಶುರುವಾದಂತೆಯೇ.

ಹೊರದೇಶದ ಕಥೆ ಸಾಕು ಅನ್ನುವವರಿಗೆ ಹತ್ತಿರದ್ದೇ ಹೇಳುತ್ತೇನೆ. ಚೆನ್ನೈನ ದಿ ಬ್ಯಾನಿಯನ್ ಸಂಸ್ಥೆ ಸುಮಾರು ಹತ್ತು ವರ್ಷಗಳಿಂದ 'ಹೋಮ್ ಅಗೇನ್' ಎಂಬ ಕೆಲಸ ನಡೆಸುತ್ತಿದೆ. ಮಾನಸಿಕ ಆಸ್ಪತ್ರೆ, ಆಶ್ರಯಧಾಮಗಳಲ್ಲಿ ವರ್ಷಗಟ್ಟಲೆ ಉಳಿದುಹೋದವರು ನಾಲ್ಕೈದು ಜನ ಸೇರಿ ಮಾಮೂಲಿ ಬೀದಿಯ ಬಾಡಿಗೆ ಮನೆಯಲ್ಲಿ ಇರುತ್ತಾರೆ. ಅಡುಗೆ ಮಾಡುತ್ತಾರೆ, ಅಂಗಡಿಗೆ ಹೋಗುತ್ತಾರೆ, ಪಕ್ಕದ ಮನೆಯವರ ಜೊತೆ ಮಾತಾಡುತ್ತಾರೆ. ಅದು ಚಟದವರಿಗಾಗಿ ಮಾಡಿದ್ದಲ್ಲ, ಆದರೆ ನಮ್ಮ ಬೀದಿಗಳಲ್ಲೂ ಇದು ನಡೆಯುತ್ತದೆ ಎಂದು ತೋರಿಸಿದೆ. ನಮ್ಮ ರಾಜ್ಯದಲ್ಲಿ ಧರ್ಮಸ್ಥಳದ ಜನಜಾಗೃತಿ ವೇದಿಕೆಯವರು ಊರೂರಿನಲ್ಲಿ ಎಂಟು ದಿನದ ಮದ್ಯವರ್ಜನ ಶಿಬಿರ ಮಾಡುತ್ತಾರೆ. ಶಿಬಿರಕ್ಕಿಂತ ನನಗೆ ಮುಖ್ಯ ಅನ್ನಿಸುವುದು ಆಮೇಲಿನ ನವಜೀವನ ಸಮಿತಿಗಳು. ಬಿಟ್ಟವರೇ ಮತ್ತೆ ಮತ್ತೆ ಸೇರಿ ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುತ್ತಾರೆ. ಹಳ್ಳಿಯಲ್ಲಿ ಎಲ್ಲರೂ ಪರಿಚಯದವರು, ಮನೆ ಇರುತ್ತದೆ, ಹಾಗಾಗಿ ಅಷ್ಟಕ್ಕೇ ಎಷ್ಟೋ ಜನ ನಿಲ್ಲುತ್ತಾರೆ. ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿಗೆ ದುಡಿಯಲು ಬಂದವರಿಗೆ ಆ ಹಳ್ಳಿ ಇಲ್ಲ. ಅವರಿಗೆ ಕುಡಿತ ಬಿಟ್ಟವರೇ ಸೇರುವ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್) ಮೀಟಿಂಗ್ ಇದೆ, ಆದರೆ ಮೀಟಿಂಗ್ ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ.

ಹೆಂಗಸರ ಬಗ್ಗೆ ಬರೆಯದೆ ಹೋದರೆ ತಪ್ಪಾಗುತ್ತದೆ. ನಮ್ಮ ವ್ಯಸನಮುಕ್ತಿ ಕೇಂದ್ರಗಳು ಬಹುತೇಕ ಗಂಡಸರಿಗಾಗಿಯೇ ಇವೆ. ಕುಡಿಯುವ ಹೆಂಗಸನ್ನು ಮನೆಯವರು ಮೊದಲು ಮುಚ್ಚಿಡುತ್ತಾರೆ, ಆಮೇಲೆ ಹೊರಗೆ ಹಾಕುತ್ತಾರೆ. ಗಂಡನನ್ನು ಹೆಂಡತಿ ವಾಪಸ್ ಕರೆದುಕೊಂಡು ಹೋಗುತ್ತಾಳೆ ಅಂದೆನಲ್ಲ, ಹೆಂಡತಿಯನ್ನು ಕರೆದುಕೊಂಡು ಹೋಗಲು ಬರುವ ಗಂಡಂದಿರು ಬಹಳ ಕಡಿಮೆ. ಅವಳಿಗೆ ಮಕ್ಕಳ ಸಮೇತ ಇರಲು ಜಾಗ ಬೇಕು. ಮಕ್ಕಳನ್ನು ಬಿಟ್ಟು ಬಾ ಅಂದರೆ ಅವಳು ಚಿಕಿತ್ಸೆಗೇ ಬರುವುದಿಲ್ಲ.

ಈಗ ಓನರ್‌ಗಳ ಸರದಿ. ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಗಲಾಟೆ ಆಗುತ್ತೆ, ಪೊಲೀಸ್ ಬರುತ್ತೆ, ಅಕ್ಕಪಕ್ಕದವರು ಬೈತಾರೆ ಅನ್ನುತ್ತೀರಿ. ಆದರೆ ಒಂದು ತಮಾಷೆ ನೋಡಿ. ಪ್ರತಿ ಶನಿವಾರ ಕುಡಿಯುವ ಹುಡುಗರು ಐಟಿ ಕಂಪನಿಯ ಐಡಿ ಕಾರ್ಡ್ ತೋರಿಸಿದರೆ ನಿಮ್ಮ ಮನೆ ಸಿಗುತ್ತದೆ. "ನಾನು ಕುಡಿಯುತ್ತಿದ್ದೆ, ಬಿಟ್ಟು ಎಂಟು ತಿಂಗಳಾಯಿತು" ಎಂದು ನಿಜ ಹೇಳಿದವನಿಗೆ "ಮನೆ ಆಗಲೇ ಕೊಟ್ಟಾಯ್ತು" ಅನ್ನುತ್ತೀರಿ. ಹಾಗಾಗಿ ಅವನೂ ಸುಳ್ಳು ಹೇಳಲು ಕಲಿಯುತ್ತಾನೆ. ಮನೆಯೊಳಗೆ ಹನಿ ಮದ್ಯ ಬರಬಾರದು ಎಂದು ತಾವೇ ನಿಯಮ ಮಾಡಿಕೊಂಡ ಬಾಡಿಗೆದಾರರು ನಿಮಗೆ ಇನ್ನೆಲ್ಲಿ ಸಿಗುತ್ತಾರೆ ಹೇಳಿ? ಅಮೆರಿಕದಲ್ಲೂ ಅಕ್ಕಪಕ್ಕದವರು ಇದೇ ತಕರಾರು ತೆಗೆದರು. ಸಂಬಂಧಿಕರಲ್ಲದ ಐದಕ್ಕಿಂತ ಹೆಚ್ಚು ಜನ ಒಂದು ಮನೆಯಲ್ಲಿ ಇರಬಾರದು ಎಂದು ಎಡ್ಮಂಡ್ಸ್ ಎಂಬ ನಗರ ನಿಯಮ ತೋರಿಸಿತು. 1995ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್, ವಸತಿಯಲ್ಲಿ ಭೇದ ಮಾಡಬಾರದು ಎಂಬ ಕಾನೂನಿನಿಂದ ಇಂಥ ನಿಯಮಕ್ಕೆ ವಿನಾಯಿತಿ ಇಲ್ಲ ಎಂದಿತು.

ಓನರ್ ಒಪ್ಪಿದರೂ ಅಡ್ವಾನ್ಸ್ ಎಂಬ ಬೆಟ್ಟ ಇದೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ಬೇಡ ಎನ್ನುತ್ತದೆ. ಬೆಂಗಳೂರಿನ ಬೀದಿಗಳು ಅದನ್ನು ಓದಿದಂತಿಲ್ಲ. ದಿನಗೂಲಿಯ ಐವರು ಸೇರಿದರೆ ತಿಂಗಳ ಬಾಡಿಗೆ ಕಟ್ಟಬಲ್ಲರು, ಲಕ್ಷ ರೂಪಾಯಿ ಒಮ್ಮೆಗೇ ಎಲ್ಲಿಂದ ತರುತ್ತಾರೆ?

ಮಾನ್ಯ ಸಚಿವರೇ, ನಾನು ಕೇಳುತ್ತಿರುವುದು ಇಲ್ಲಿದೆ. ಅಮೆರಿಕ 1988ರಲ್ಲಿ ಒಂದು ಕಾಯ್ದೆ ಮಾಡಿ ಇಂಥ ಮನೆ ಶುರು ಮಾಡುವವರಿಗೆ 4,000 ಡಾಲರ್‌ವರೆಗೆ ಸಾಲ ಕೊಡಲು ನಿಧಿ ಇಟ್ಟಿತು. ಎರಡು ವರ್ಷದಲ್ಲಿ ತೀರಿಸಬೇಕು, ತೀರಿಸಿದ ದುಡ್ಡು ಮುಂದಿನ ಮನೆಗೆ. ನಮ್ಮ ಮಹಿಳಾ ಸ್ವಸಹಾಯ ಸಂಘಗಳ ಸುತ್ತುನಿಧಿಯೂ ಹೀಗೇ ಅಲ್ವಾ? ಮನೆಗೆ ಒಂದು ಲಕ್ಷದಂತೆ ನೂರು ಮನೆಗೆ ಅಡ್ವಾನ್ಸ್ ಕೊಟ್ಟರೆ ಒಂದು ಕೋಟಿ. ಅದು ಖರ್ಚೂ ಅಲ್ಲ, ಮನೆ ಬಿಟ್ಟಾಗ ವಾಪಸ್ ಬರುವ ದುಡ್ಡು. 2025-26ರ ಬಜೆಟ್‌ನಲ್ಲಿ ಅಬಕಾರಿಯಿಂದ ಬರಬೇಕೆಂದು ನೀವು ಇಟ್ಟುಕೊಂಡ ಗುರಿ 40,000 ಕೋಟಿ ರೂಪಾಯಿ. ನಲವತ್ತು ಸಾವಿರದಲ್ಲಿ ಒಂದು. ಸರ್ಕಾರದ್ದೇ ಆದ ಎಂಎಸ್‌ಐಎಲ್ ಮದ್ಯದ ಮಳಿಗೆಗೆ ಬಾಡಿಗೆ ಜಾಗ ಸಿಗುವ ಊರಿನಲ್ಲಿ ಕುಡಿತ ಬಿಟ್ಟವರಿಗೆ ಸಿಗುವುದಿಲ್ಲ ಎಂದರೆ ನಂಬುವುದು ಕಷ್ಟ.

ಅಡ್ವಾನ್ಸ್ ಜೊತೆಗೆ ಓನರ್‌ಗೆ ತೋರಿಸಲು ಜಿಲ್ಲಾ ಆರೋಗ್ಯ ಇಲಾಖೆಯ ಒಂದು ಪತ್ರ ಬೇಕು. ವಾರಕ್ಕೊಮ್ಮೆ ಬಂದು ಹೋಗುವ ಒಬ್ಬ ಸಮಾಲೋಚಕರು ಬೇಕು, ಹತ್ತು ಮನೆಗೆ ಒಬ್ಬರು ಸಾಕು. ವಸತಿ ಇಲಾಖೆಯ ಯೋಜನೆಗಳು ಗಂಡ, ಹೆಂಡತಿ, ಮಕ್ಕಳ ಕುಟುಂಬವನ್ನೇ ಹೆಚ್ಚಾಗಿ ನೋಡುತ್ತವೆ, ಒಂಟಿ ಗಂಡಸು ಪಟ್ಟಿಗೆ ಬರುವುದು ಕಷ್ಟ. ಆದರೆ ಕೇಂದ್ರದ 2024ರ ಪ್ರಧಾನ ಮಂತ್ರಿ ಆವಾಸ್ ಯೋಜನೆ (ಪಿಎಂಎವೈ) ನಗರ 2.0ರಲ್ಲಿ ಕೈಗೆಟುಕುವ ಬಾಡಿಗೆ ಮನೆ ಎಂಬ ಭಾಗ ಇದೆ. ಅದರಲ್ಲಿ ಪ್ರತಿ ಜಿಲ್ಲಾ ಕೇಂದ್ರದಲ್ಲೂ ನಾಲ್ಕು ಮನೆ ಇವರಿಗೆ ಎತ್ತಿಡಿ, ಒಂದು ಹೆಂಗಸರಿಗೆ. ದಯವಿಟ್ಟು ಊರಾಚೆ ಹೊಸ ಕಟ್ಟಡ ಕಟ್ಟಿಸಿ ಶಂಕುಸ್ಥಾಪನೆ ಮಾಡಬೇಡಿ. ನೂರು ಮಂಚದ ಭವನ ಯಾರಿಗೂ ಬೇಕಾಗಿಲ್ಲ. ಬಸ್ ಸಿಗುವ ಬೀದಿಯಲ್ಲಿ ಎರಡು ಬೆಡ್‌ರೂಮಿನ ಮನೆ ಸಾಕು.

ಉತ್ತರ ಬರೆಯುವುದಾದರೆ ಒಂದೇ ಕೋರಿಕೆ. "ಸಂಬಂಧಪಟ್ಟ ಇಲಾಖೆಗೆ ಕಳಿಸಲಾಗಿದೆ" ಎಂದು ಬರೆಯಬೇಡಿ. ಸಂಬಂಧಪಟ್ಟದ್ದು ಯಾವ ಇಲಾಖೆ, ಅಲ್ಲಿ ಯಾವ ಹುದ್ದೆಯವರು, ಯಾವ ಮಹಡಿ ಅಂತ ಬರೆಯಿರಿ. ಮುಂದಿನ ವಾರ ಡಿಸ್ಚಾರ್ಜ್ ಆಗುವವರ ಪಟ್ಟಿ ಹಿಡಿದುಕೊಂಡು ನಾನೇ ಬರುತ್ತೇನೆ.

ಇಂತಿ ನಮಸ್ಕಾರಗಳೊಂದಿಗೆ,
ವ್ಯಸನಮುಕ್ತಿ ವಾರ್ಡಿನ ಒಬ್ಬ ಆಪ್ತಸಮಾಲೋಚಕಿ